ಗುರುವಾರದ ಅಜ್ಜಿ ಮತ್ತು ಗಂಡಸರ ಡೊಂಕು

ಬೇರೆಯವರ ಕೆಲಸದಲ್ಲಿ ನಗು ಯಾವಾಗಲೋ ಒಮ್ಮೆ ಬರುತ್ತದೇನೋ, ನನ್ನ ಕೆಲಸದಲ್ಲಿ ಗುರುವಾರ ಗುರುವಾರ ತಪ್ಪದೆ ಬರುತ್ತದೆ. ಸೇಲಂ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸು. ಗುರುವಾರ ಗಂಡಸರ ಓಪಿ. ಶಿಶ್ನ ಬಾಗಿದೆ, ನೋಯುತ್ತಿದೆ ಅನ್ನುವವರೂ ಅಲ್ಲಿಗೇ ಬರಬೇಕು. ಡಾಕ್ಟರು ತಮಿಳರು. ಧರ್ಮಪುರಿ, ಓಮಲೂರು, ಮೇಟ್ಟೂರು ಕಡೆಯ ನಮ್ಮ ಕನ್ನಡದವರಿಗೂ ತಮಿಳು ನೀರು ಕುಡಿದಷ್ಟು ಸಲೀಸು. ಆದರೆ ಈ ಒಂದು ವಿಷಯಕ್ಕೆ ಬಂದರೆ ಎರಡು ಭಾಷೆಯೂ ಒಟ್ಟಿಗೇ ಮರೆತುಹೋಗುತ್ತವೆ. ಆಗ ಡಾಕ್ಟರು ನನ್ನನ್ನು ಕೂಗುತ್ತಾರೆ. ಲಜ್ಜೆ ಬಿಟ್ಟವರು ಊರಿಗೆ ದೊಡ್ಡವರು ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಎರಡು ಜಿಲ್ಲೆಗೆ ದೊಡ್ಡವಳು. ಜಂಬ ಅಂದುಕೊಂಡರೂ ಸರಿಯೇ.

೧. ಅಕ್ಕ ಅಂದವನು ಓಡಿದ

ಮೊರಪ್ಪೂರಿನಲ್ಲಿ ರೈಲು ಹತ್ತಿ ಬಂದ ಗಂಡ ಹೆಂಡತಿ. ಕುರಿ ಸಾಕುವವರು. ಅವನಿಗೆ ಐವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ. ಮಾತೆಲ್ಲ ಹೆಂಡತಿಯದೇ.

"ಆರು ತಿಂಗ್ಳಾತು ಸಿಸ್ಟರ್, ಕುರಿ ಹಟ್ಟೀಲೇ ಮಲಗ್ತಾನೆ. ಕೇಳಿದ್ರೆ ನಾಯಿ ಬತ್ತೈತೆ, ಕಾಯ್ಬೇಕು ಅಂತಾನೆ. ಬ್ಯಾರೆ ಯಾರೋ ಅವ್ಳೆ ಅಂತ ನಂಗೆ ಸಂದೇಗಂ. ಡಾಕ್ಟ್ರ ಮುಂದೆ ಬಾಯಿ ಬುಟ್ರೆ ಸರಿ. ಇಲ್ಲಾಂದ್ರೆ ದೀವಳಿಗೆಗೆ ನಮ್ಮವ್ವನ ಮನೆಗೆ ಓದೋಳು ತಿರುಗಿ ಬರಾಕಿಲ್ಲ."

ನಾನು ಅವನನ್ನು ಪರದೆಯ ಹಿಂದೆ ಕರೆದುಕೊಂಡು ಹೋಗಿ, "ಏನಾಗೈತಪ್ಪ?" ಅಂದೆ. ಕನ್ನಡ ಕೇಳಿ ಅವನ ಮುಖ ಅರಳಿತು. "ನೀವು ನಮ್ಮೋರಾ ಅಕ್ಕಾ?" ಅಂದ. ಹೂಂ ಅಂದೆ. ಬಾಯಿ ತೆರೆದ, ಮುಚ್ಚಿದ, ಇನ್ನೊಮ್ಮೆ ತೆರೆದ.

"ಅಯ್ಯೋ, ಅಕ್ಕಾ ಅಂದ್ಬುಟ್ನಲ್ಲ! ಇನ್ನೆಂಗೆ ಏಳ್ಲಿ?"

ಅಷ್ಟೇ. ಎದ್ದು ಓಡಿದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಅಲ್ಲೇ ಉಳಿಯಿತು. ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ಹಿಂದೆಯೇ ಓಡಿದಳು. ಹಾಕಿಕೊಳ್ಳಲು ಕೊಡುವುದಕ್ಕೋ, ಬೇರೆ ಕೆಲಸಕ್ಕೋ, ನನಗಂತೂ ಗೊತ್ತಾಗಲಿಲ್ಲ.

೨. ಹಳೇದು ಕೊಟ್ಟು ಹೊಸದು

ಮುಂದಿನ ಗುರುವಾರ ಓಮಲೂರಿನ ಒಬ್ಬ ಮೆಕ್ಯಾನಿಕ್, ಹೊಸದಾಗಿ ಮದುವೆಯಾದವನು, ಕಾಲು ಅಗಲಿಸಿಕೊಂಡು ಗೇಟಿಗೆ ಬಂದಿದ್ದಾನೆ. ಕಾವಲಿನವರ ಹತ್ತಿರ ಮೆಲ್ಲಗೆ, "ಅಣ್ಣಾ, ಸಾಮಾನು ಮುರಿದೋಗೈತೆ" ಅಂದಿದ್ದಾನೆ. ಸಾಮಾನು ಅಂದರೆ ತಮಿಳಿನಲ್ಲೂ ಸಾಮಾನೇ. ಅವರು ಸೀದಾ ಸ್ಟೋರಿಗೆ ಕಳಿಸಿದರು.

ನಾನು ಗ್ಲೌಸ್ ತರಲು ಸ್ಟೋರಿಗೆ ಹೋದಾಗ ಅವನು ಕಿಟಕಿ ಹಿಡಿದು ಬೆವರುತ್ತಾ ನಿಂತಿದ್ದ. ಒಳಗಿನ ಗುಮಾಸ್ತರು ರಿಜಿಸ್ಟರಿನಿಂದ ತಲೆ ಎತ್ತದೆ ಹೇಳುತ್ತಿದ್ದರು: "ರೂಲ್ಸ್ ರೂಲ್ಸೇ ತಂಬಿ. ಮುರಿದಿರೋ ಹಳೇದನ್ನ ಇಲ್ಲಿ ಜಮಾ ಮಾಡು, ಆಮೇಲೆ ಹೊಸದು ಕೊಡ್ತೀನಿ."

ಅವನ ಮುಖ ನೋಡಿದ ಕೂಡಲೇ ನನಗೆ ಅರ್ಥವಾಯಿತು. "ಟಕ್ ಅಂತ ಸದ್ದಾಯ್ತಾ?" ಅಂದೆ. ತಲೆಯಾಡಿಸಿದ. "ಊದಿಕೊಂಡು ನೀಲಿ ಆಗೈತಾ?" ಅದಕ್ಕೂ ತಲೆಯಾಡಿಸಿದ. ಇದು ನಾಚಿಕೊಂಡು ನಾಳೆ ನೋಡೋಣ ಅನ್ನುವ ಜಾತಿಯದಲ್ಲ. ಗಟ್ಟಿಯಾಗಿದ್ದಾಗ ಪೆಟ್ಟು ಬಿದ್ದು ಒಳಗಿನ ಪೊರೆ ಹರಿದರೆ ಅವತ್ತೇ ಓಡಿ ಬರಬೇಕು, ಇಲ್ಲದಿದ್ದರೆ ಮುಂದೆ ಡೊಂಕಾಗಿ ನಿಲ್ಲುತ್ತದೆ. ಗಾಲಿ ಕುರ್ಚಿಯಲ್ಲಿ ಕೂರಿಸಿ ನಾನೇ ತಳ್ಳಿಕೊಂಡು ಹೋದೆ. ಅವತ್ತೇ ಆಪರೇಷನ್ ಆಯಿತು, ಹುಡುಗ ಚೆನ್ನಾಗಿದ್ದಾನೆ. ಆ ದಿನ ನಾನು ಓಡಿದ ಓಟ ನೆನೆದರೆ ಈಗಲೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕು ಅನ್ನಿಸುತ್ತದೆ.

ಗೇಟಿನವರಿಗೆ ಚೆನ್ನಾಗಿ ಬೈಗುಳ ಬಿತ್ತು. ಮರುವಾರ ಗ್ಲೂಕೋಸ್ ಪೆಟ್ಟಿಗೆ ಇಳಿಸಲು ಬಂದ ಆಟೋದವನು "ಸಾಮಾನು ತಂದಿದೀನಿ" ಅಂದನಂತೆ. ಅವನಿಗೆ ಟೋಕನ್ ಕೊಟ್ಟು ನಮ್ಮ ಸಾಲಿನಲ್ಲಿ ಮೂರನೆಯವನಾಗಿ ಕೂರಿಸಿದ್ದರು.

೩. ನಾನು ಅಜ್ಜಿಯಾದದ್ದು

ಓಡಿಹೋದ ಕುರಿಯವನು ಮಾತ್ರ ತಲೆಯಿಂದ ಹೋಗಲಿಲ್ಲ. ದೀವಳಿಗೆ ಹತ್ತಿರ ಬರುತ್ತಿತ್ತು. ಯೋಚಿಸಿದೆ. ಅಕ್ಕನ ಮುಂದೆ ಯಾವ ಗಂಡಸೂ ಇದನ್ನು ಹೇಳುವುದಿಲ್ಲ. ಅವ್ವನ ಮುಂದೆ ಕೇಳಲೇಬೇಡಿ. ನಮ್ಮವರಲ್ಲಿ ಬಾಯಿಗೆ ಬಂದದ್ದನ್ನು ಹೇಳಿ ನಗಬಹುದಾದ ಜಾಗ ಅಂದರೆ ಅಜ್ಜಿ ಒಬ್ಬಳೇ. ನನಗೆ ಐವತ್ತಮೂರು, ಭಾನುವಾರ ಭಾನುವಾರ ತಲೆಗೆ ಬಣ್ಣ ಹಚ್ಚುವವಳು. ಆದರೂ ಎದೆ ಗಟ್ಟಿ ಮಾಡಿಕೊಂಡು ಸಾಲಿನ ಮುಂದೆ ನಿಂತು ಹೇಳಿದೆ: "ಇಲ್ಲಿ ಯಾರೂ ನನ್ನ ಅಕ್ಕ ಅನ್ನಬೇಡಿ. ಗುರುವಾರ ನಾನು ಅಜ್ಜಿ."

ಮೊದಲು ಬಾಯಿ ಬಿಟ್ಟವನು ತಾರಮಂಗಲದ ಲಾರಿ ಡ್ರೈವರು. "ಅಜ್ಜೀ, ನಂಗೆ ಬೆಂಡು ಐತೆ."

"ಎಲ್ಲಿ?" ಎಂದು ಒಳಗಿನಿಂದ ಡಾಕ್ಟರು ತಮಿಳಿನಲ್ಲಿ ಕೇಳಿದರು.

ಅವನು ಗಾಬರಿಯಲ್ಲಿ, "ತೊಪ್ಪೂರು ಘಾಟಲ್ಲಿ ಇರೋ ತರ, ಎಡಕ್ಕೆ!" ಅಂದ.

ಮದುವೆ ನಿಶ್ಚಯವಾಗಿತ್ತು ಅವನಿಗೆ. ಬಸ್‌ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಅಂಟಿಸುವ ಲಾಡ್ಜ್ ವೈದ್ಯನೊಬ್ಬ, ನೆಟ್ಟಗೆ ಮಾಡಿಸದೆ ಮದುವೆಯಾದರೆ ಮಕ್ಕಳಾಗುವುದಿಲ್ಲ ಅಂತ ಹೆದರಿಸಿದ್ದನಂತೆ. ಡಾಕ್ಟರು ಪರೀಕ್ಷೆ ಮಾಡಿ ಕೇಳಿದರು: ಯಾವಾಗಿನಿಂದ? ಹುಡುಗನಾಗಿದ್ದಾಗಿನಿಂದಲೂ ಹೀಗೇ. ಜಾಸ್ತಿಯಾಗಿದೆಯಾ? ಇಲ್ಲ. ನೋವು, ಗಂಟು? ಇಲ್ಲವೇ ಇಲ್ಲ.

"ಹಾಗಾದರೆ ಇದು ಕಾಯಿಲೆಯೇ ಅಲ್ಲ" ಅಂದರು. ಸ್ವಲ್ಪ ಬಾಗು ಎಷ್ಟೋ ಗಂಡಸರಿಗೆ ಇರುತ್ತದೆ, ಸಂಸಾರಕ್ಕೆ ಅಡ್ಡಿಯಾದರೆ ಮಾತ್ರ ಬಾ, ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವನು ಕಣ್ಣೊರೆಸಿಕೊಂಡು ನಕ್ಕ. ಬಾಗಿಲವರೆಗೆ ಹೋದವನು ತಿರುಗಿ ಬಂದು ಕೈಮುಗಿದ.

"ಅಜ್ಜೀ, ಫಿಟ್ ಐತೆ ಅಂತ ಲಾರಿಗೆ ಕೊಡ್ತಾರಲ್ಲ, ಅಂಗೇ ಒಂದು ಎಫ್‌ಸಿ ಬರೆಸಿಕೊಡಿ."

೪. ಆವಣಿ ತಿಂಗಳದು ಎಲ್ಲಿ?

ಲಾರಿ ಡ್ರೈವರುಗಳ ಬಾಯಲ್ಲಿ ಸುದ್ದಿ ಎಲ್ಲೆಲ್ಲಿಗೆ ಹೋಯಿತೋ, ದೀವಳಿಗೆಗೆ ನಾಲ್ಕು ದಿನ ಇರುವಾಗ ಕುರಿಯವನು ತಾನಾಗಿ ಬಂದ. ಹೆಂಡತಿ ಬಟ್ಟೆಯ ಗಂಟನ್ನೂ ಹೊತ್ತುಕೊಂಡು ಬಂದಿದ್ದಳು. ಆಸ್ಪತ್ರೆಯಿಂದ ಸೀದಾ ತವರಿಗೇ ಹೋಗುವ ಏರ್ಪಾಡು.

"ಅಜ್ಜೀ" ಅಂದ ನನಗಿಂತ ಎರಡು ವರ್ಷ ಚಿಕ್ಕವನಾದ ಆ ಮನುಷ್ಯ, ಒಂದೇ ಉಸಿರಿನಲ್ಲಿ. "ಚಿತ್ರೆ ತಿಂಗ್ಳಲ್ಲಿ ನೋವು ಬಂತು. ಒಳಗೆ ಗಂಟು ಸಿಕ್ತು. ಆಮೇಲೆ ಬಗ್ಗಾಕೆ ಸುರುವಾತು. ಎಣ್ಣೆ ಅಚ್ಚಿ ಎಳೆದೂ ನೋಡ್ದೆ. ಇವ್ಳಿಗೆ ಯಾವ ಮುಖ ಇಟ್ಕಂಡು ಏಳ್ಲಿ? ಅಟ್ಟೀಗೆ ಓಗಿ ಮಲಗ್ದೆ."

ಆರು ತಿಂಗಳು ಈ ಮನುಷ್ಯ ಕುರಿಗಳ ಮಧ್ಯೆ ಒಬ್ಬನೇ ನರಳಿದ್ದಾನೆ. ಡಾಕ್ಟರು ಪರೀಕ್ಷೆ ಮಾಡಿ, ಎಳೆದದ್ದಕ್ಕೆ ಮೊದಲು ಬೈದರು. ಒಳಗೆ ಗಾಯದ ಕಲೆಯಂತೆ ಗಟ್ಟಿಯಾಗಿ ಹೀಗಾಗುತ್ತದೆ, ಸಕ್ಕರೆ ಕಾಯಿಲೆಯವರಿಗೆ ಹೆಚ್ಚು, ನೋವು ಬಂದಾಗಲೇ ಬರಬೇಕಿತ್ತು ಅಂದರು. "ಬಾಗು ಇನ್ನೂ ಬೆಳೀತಿದೆಯಾ, ನಿಂತಿದೆಯಾ? ಅದರ ಮೇಲೆ ಚಿಕಿತ್ಸೆ. ಮೊಬೈಲಲ್ಲಿ ಫೋಟೋ ಇದೆಯಾ?"

ಅವನದು ಬಟನ್ ಫೋನು. "ಪೋಟೋ ಇಲ್ಲ. ಲೆಕ್ಕ ಐತೆ" ಎಂದು ಟವೆಲಿನ ಗಂಟು ಬಿಚ್ಚಿದ. ಸಿಪ್ಪೆ ಬಿಡಿಸದ ಮೂರು ಹುಣಸೆಕಾಯಿ! ಒಂದೊಂದಕ್ಕೂ ದಾರ, ದಾರಕ್ಕೆ ಗಂಟು. ಯಾರಿಗೂ ಹೇಳಲಾರದವನು ಎರಡೆರಡು ತಿಂಗಳಿಗೆ ಅಷ್ಟೇ ಬಾಗಿದ ಕಾಯಿ ಆರಿಸಿ ಎತ್ತಿಟ್ಟಿದ್ದ. ನಮ್ಮ ಕಡೆ ತಮಿಳು ತಿಂಗಳ ಲೆಕ್ಕ: ಒಂದು ಗಂಟಿನದು ಏಪ್ರಿಲ್ ಹೊತ್ತಿನ ಚಿತ್ರೆ, ಎರಡು ಗಂಟಿನದು ಜೂನ್ ಹೊತ್ತಿನ ಆನಿ, ನಾಲ್ಕು ಗಂಟಿನದು ಈಗ ನಡೆಯುವ ಐಪ್ಪಸಿ.

ಡಾಕ್ಟರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಕನ್ನಡಕ ಏರಿಸಿ, "ಓದಿದವರು ಕೂಡ ನನಗೆ ಇಷ್ಟು ಒಳ್ಳೆಯ ರೆಕಾರ್ಡ್ ತಂದುಕೊಟ್ಟಿಲ್ಲ" ಅಂದರು. ಕೇಳಿ ನನ್ನ ಎದೆ ಉಬ್ಬಿತು. ನಮ್ಮವನಲ್ಲವೇ! ಆಮೇಲೆ ಕೇಳಿದರು: "ಮೂರು ಗಂಟಿನದು? ಆವಣಿ ತಿಂಗಳದು ಎಲ್ಲಿ? ಅದೇ ಮುಖ್ಯ."

ಅವನು ತಲೆ ತಗ್ಗಿಸಿದ. "ಸೂರಲ್ಲಿ ಸಿಗಿಸಿದ್ದೆ. ಇವ್ಳು ಸಾರಿಗೆ ಆಕ್ಬುಟ್ಲು."

ಪರದೆ ಸರ್ರನೆ ಸರಿಯಿತು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಣ್ಣಲ್ಲಿ ನೀರು, ಕಂಕುಳಲ್ಲಿ ಬಟ್ಟೆಯ ಗಂಟು. "ಅದು ಇದಾ? ದಾರ ನೋಡಿ ನಾನು, ಪೂಸಾರಿ ಮಂತ್ರಿಸಿ ಕೊಟ್ಟವ್ನೆ, ಇಬ್ರೂ ಚೆಂದಾಗಿರ್ಲಿ ಅಂತ ತಂದವ್ನೆ ಅನ್ಕಂಡು ಸಾರಿಗೆ ಆಕ್ದೆ!" ಮೇಜಿನ ಹತ್ತಿರ ಬಂದು ಐಪ್ಪಸಿ ಕಾಯಿಯನ್ನು ಎತ್ತಿ ತಿರುಗಿಸಿ ನೋಡಿದಳು. "ಅದೂ ಇಷ್ಟೇ ಬಗ್ಗಿತ್ತು. ನಾನೇ ಬುಡ್ಸಿದ್ದು, ಚೆಂದಾಗಿ ಗ್ಯಾಪಕ ಐತೆ. ಇದ್ಕಿಂತ ಕಮ್ಮಿನೂ ಇಲ್ಲ, ಜಾಸ್ತಿನೂ ಇಲ್ಲ."

ನಾನು ತಮಿಳಿಗೆ ತಿರುಗಿಸಿ ಹೇಳಿದೆ. ಡಾಕ್ಟರು ನಿಟ್ಟುಸಿರು ಬಿಟ್ಟರು. "ಆವಣಿಯಿಂದ ಬಾಗು ನಿಂತಿದೆ ಅನ್ನಿಸುತ್ತೆ. ಒಳ್ಳೇ ಸುದ್ದಿ. ಸಕ್ಕರೆ ಹತೋಟಿಗೆ ತರೋಣ, ಇನ್ನು ಮೂರು ತಿಂಗಳು ನೋಡೋಣ. ಆಮೇಲೂ ಕಷ್ಟ ಆದರೆ ಸರಿಮಾಡೋ ದಾರಿ ಇದೆ."

ಆಕೆ ಬಟ್ಟೆಯ ಗಂಟನ್ನು ಗಂಡನ ತಲೆಯ ಮೇಲೆ ಹೊರಿಸಿದಳು. "ನಡಿ ಮನೆಗೆ. ಇವತ್ತಿಂದ ಅಟ್ಟಿ ಕಾಯಾಕೆ ನಾಯಿ ಸಾಕು." ಆಮೇಲೆ ನನ್ನ ಕಡೆ ತಿರುಗಿ, ಸೆರಗು ಸಿಗಿಸಿಕೊಂಡು, ಗತ್ತಿನಿಂದ ಹೇಳಿದಳು:

"ಕೇಳಿಸ್ಕಂಡ್ರಾ ಅಜ್ಜೀ? ಆವಣೀಲೇ ನಿಂತೈತಂತೆ. ನನ್ ಸಾರು ಅಂದ್ರೆ ಏನನ್ಕಂಡ್ರಿ!"