ಒಂದು ಮೀಟರ್ ದೂರದ ಚಿಕ್ಕಪ್ಪ

ಜವಳಿ ಅಂಗಡಿಯವರೆಲ್ಲ ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತಾರೆ, ಅದರಲ್ಲೇನು ವಿಶೇಷ? ಆದರೆ ಅಣ್ಣನ ಮಗಳನ್ನೂ ಮೀಟರ್ ಲೆಕ್ಕದಲ್ಲಿ ಸಾಕಿದ ಮಹಾನುಭಾವ ನನಗೆ ತಿಳಿದಂತೆ ಒಬ್ಬನೇ, ನಮ್ಮ ಚಿಕ್ಕಪ್ಪ! ಬಣ್ಣ ಕಟ್ಟಿ ಹೇಳುತ್ತಿದ್ದೇನೆ ಅನ್ನಿಸಿದರೆ ಕಳಸದ ಪೇಟೆಯಲ್ಲಿ ಹಳಬರನ್ನು ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ತೊಂಬತ್ತರ ದಶಕದ ಮಾತು. ಕೆಳಗೆ ಅಂಗಡಿ, ಮೇಲೆ ಮನೆ. ಅಪ್ಪನಿಗೆ ತೋಟದ ಉಸಾಬರಿ. ಮದುವೆಯ ಗೋಜಿಗೇ ಹೋಗದ ಚಿಕ್ಕಪ್ಪನಿಗೆ ಅಂಗಡಿ. ಅದರ ಬಾಗಿಲು ತೆರೆಯುವ ಮೊದಲು ನನ್ನನ್ನು ಶಾಲೆಗೆ ಬಿಟ್ಟು ಬರುವುದೂ ಅವನ ಪಾಲಿಗೇ ಬಿದ್ದಿತ್ತು. ದಾರಿಯಲ್ಲಿ ಒಂದು ಹಳ್ಳ. ಅದನ್ನು ದಾಟಲು ಮರದ ದಿಮ್ಮಿ ಹಾಸಿದ ಸಂಕ. ಅದರ ಮೇಲೆ ಕಾಲಿಟ್ಟರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಚಿಕ್ಕಪ್ಪನ ಕೈ ಹಿಡಿದರೆ ಮಾತ್ರ ಯಾವ ಹೆದರಿಕೆಯೂ ಇಲ್ಲ. ಅಗಲವಾದ, ಬೆಚ್ಚಗಿನ, ಹೊಸ ಬಟ್ಟೆಯ ಗಂಜಿಯ ವಾಸನೆ ಬರುವ ಕೈ ಅದು. ನನಗೆ ಆ ಕೈ ಎಂದರೆ ಪ್ರಾಣ.

ಅಂಥ ಕೈಯ ಹೆಬ್ಬೆರಳಿನ ಮೇಲೆ ಒಂದು ನರಹುಲಿ ಎದ್ದಿತು. ಮೊದಲು ಸಾಸಿವೆಯಷ್ಟಿತ್ತು. ದೀಪಾವಳಿಯ ಹೊತ್ತಿಗೆ ಕಾಳುಮೆಣಸಿನಷ್ಟಾಯಿತು, ಅದರ ಹಾಗೇ ಒರಟೊರಟು. ಸೀರೆ ಕೊಳ್ಳಲು ಬಂದವರು ಸೀರೆ ಬಿಟ್ಟು ಬೆರಳನ್ನೇ ನೋಡತೊಡಗಿದರು. ನಮ್ಮೂರಲ್ಲಿ ಸಲಹೆಗೇನು ಬರವೇ? ಕಪ್ಪೆ ಮುಟ್ಟಿರಬೇಕು ಎಂದರು ಕೆಲವರು. ನಕ್ಷತ್ರ ಎಣಿಸಿದರೆ ಹೀಗಾಗುತ್ತದೆ ಎಂದರು ಇನ್ನು ಕೆಲವರು. ಅಲ್ಲ ಸ್ವಾಮಿ, ಜೂನಿನಲ್ಲಿ ಹಿಡಿದ ಮಳೆ ಅಕ್ಟೋಬರಿನವರೆಗೂ ಬಿಡದ ಊರಿನಲ್ಲಿ ಎಣಿಸಲು ನಕ್ಷತ್ರವನ್ನು ಎಲ್ಲಿಂದ ತರುವುದು?

ಅಜ್ಜಿಯ ಮದ್ದು ಬೇರೆಯೇ. ಕುದುರೆ ಬಾಲದ ಕೂದಲನ್ನು ಬಿಗಿದು ಕಟ್ಟಿದರೆ ನರಹುಲಿ ತಾನಾಗಿ ಉದುರುತ್ತದಂತೆ. ಕಳಸದಲ್ಲಿ ಜೀಪುಗಳಿಗೆ ಲೆಕ್ಕವಿಲ್ಲ, ಕುದುರೆ ಮಾತ್ರ ಔಷಧಿಗೂ ಇಲ್ಲ. ಅಂಗಡಿಯ ಸರಕಿಗೆಂದು ಚಿಕ್ಕಮಗಳೂರಿಗೆ ಹೋದ ಚಿಕ್ಕಪ್ಪನಿಗೆ ಅಲ್ಲೊಂದು ಮದುವೆಯ ಮೆರವಣಿಗೆ ಸಿಕ್ಕಿತು. ಮದುಮಗ ಕುದುರೆಯ ಮೇಲಿದ್ದ! ಇವನು ನೆಂಟನಂತೆ ಬ್ಯಾಂಡಿನ ಮುಂದೆ ಕುಣಿಯುತ್ತ ಕುಣಿಯುತ್ತ ಹಿಂದಕ್ಕೆ ಸರಿದು, ಬಾಲಕ್ಕೆ ಕೈ ಹಾಕಿಯೇಬಿಟ್ಟ. ಕುದುರೆ ಹಿಂಗಾಲು ಝಾಡಿಸಿತು. ಮದುಮಗ ಪೇಟ ಕಳೆದುಕೊಂಡು ಅದರ ಕುತ್ತಿಗೆ ತಬ್ಬಿಕೊಂಡ. ಗಂಡಿನವರು ಇವನು ಹೆಣ್ಣಿನ ಕಡೆಯವನೆಂದೂ, ಹೆಣ್ಣಿನವರು ಗಂಡಿನ ಕಡೆಯವನೆಂದೂ ತಿಳಿದು ಸುಮ್ಮನಾದದ್ದರಿಂದ ಚಿಕ್ಕಪ್ಪ ಪೆಟ್ಟು ತಿನ್ನದೆ ಬಚಾವಾದ. ಬರುವಾಗ ಹೋಳಿಗೆ ಊಟವನ್ನೂ ಮುಗಿಸಿಕೊಂಡೇ ಬಂದ.

ಅಷ್ಟು ಸಾಹಸದ ಕೂದಲನ್ನು ಅಜ್ಜಿ ಭಕ್ತಿಯಿಂದ ಬಿಗಿದಳು. ಬೆರಳು ಊದಿ ಬದನೆಕಾಯಿಯಾಯಿತು, ನರಹುಲಿ ಮಿಸುಕಲಿಲ್ಲ. ಆಮೇಲೆ ಸುಣ್ಣ ಹಚ್ಚಿದರು. ಸುತ್ತಲಿನ ಚರ್ಮವೆಲ್ಲ ಸುಟ್ಟಿತು, ನಡುವೆ ನರಹುಲಿ ಮಾತ್ರ ಯಜಮಾನನ ಹಾಗೆ ಕೂತಿತ್ತು. ಕೊನೆಗೆ ಅಪ್ಪ ರೇಗಿ ಅವನನ್ನು ಮೂಡಿಗೆರೆಯ ಡಾಕ್ಟರ ಹತ್ತಿರ ಅಟ್ಟಿದರು. ಬಸ್ಸಿನ ಆಸೆಗೆ ನಾನೂ ಹೊರಟೆ.

ಡಾಕ್ಟರು ಸಮಾಧಾನದಿಂದಲೇ ಹೇಳಿದರು. ಇದಕ್ಕೆ ಕಪ್ಪೆಯೂ ಕಾರಣವಲ್ಲ, ನಕ್ಷತ್ರವೂ ಅಲ್ಲ, ಒಂದು ವೈರಸ್ಸು. ಅಪಾಯವೇನಿಲ್ಲ, ಹೆಚ್ಚಿನವು ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ. ಅವಸರವಿದ್ದರೆ ದಿನಾ ಬಿಸಿನೀರಿನಲ್ಲಿ ನೆನೆಸಿ, ಮೇಲಿನ ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ, ಬರೆದುಕೊಟ್ಟ ಔಷಧಿ ಹಚ್ಚಬೇಕು. ತಿಂಗಳುಗಟ್ಟಲೆ ತಾಳ್ಮೆ ಬೇಕು. ಕೆರೆಯಬಾರದು, ಕೀಳಬಾರದು, ಟವೆಲು ಬೇರೆ ಇರಲಿ, ಮೇಲೊಂದು ಪಟ್ಟಿ ಅಂಟಿಸಿಕೊಂಡರೆ ಸಾಕು. ಮುಟ್ಟಿದರೆ ಹರಡಬಹುದು, ಮಕ್ಕಳಿಗೆ ಸ್ವಲ್ಪ ಬೇಗ.

ಇಷ್ಟರಲ್ಲಿ ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಆಗ ನನ್ನ ಕೈ ಅವನ ಕೈಯಲ್ಲೇ ಇತ್ತು. ಮೆಲ್ಲಗೆ ಬಿಡಿಸಿಕೊಂಡ.

ಮಾರನೆಯ ದಿನದಿಂದ ಮನೆಯಲ್ಲಿ ಹೊಸ ಕಾನೂನು. ಅವನ ಟವೆಲು ಬೇರೆ, ಸೋಪು ಬೇರೆ. ಬಚ್ಚಲ ಚೊಂಬಿಗೆ ಕೆಂಪು ದಾರ. ಬೆಳಿಗ್ಗೆ ಒಂದು ಲೋಟ ಬಿಸಿನೀರಿನಲ್ಲಿ ಹೆಬ್ಬೆರಳು ಅದ್ದಿಕೊಂಡು ಧ್ಯಾನಕ್ಕೆ ಕೂರುತ್ತಿದ್ದ. ಒಂದು ದಿನ ಕಣ್ಣು ಮಂಜಾದ ಅಜ್ಜಿ ಅದೇ ಲೋಟಕ್ಕೆ ಡಿಕಾಕ್ಷನ್ ಸುರಿದು, ಹಾಲನ್ನೂ ಹಾಕಿ ಹೋದಳು. ಕಾಫಿ ನಾಡಿನಲ್ಲಿ ಬೆರಳಿಗೂ ಕಾಫಿ ಕುಡಿಸಿದ ಕೀರ್ತಿ ನಮ್ಮ ಮನೆತನದ್ದು!

ಶಾಲೆಗೆ ಹೊರಟಾಗ ಅಂಗಡಿಯಿಂದ ಬಟ್ಟೆ ಅಳೆಯುವ ಮರದ ಕೋಲು ತಂದ, ಸರಿಯಾಗಿ ಒಂದು ಮೀಟರಿನದು. ಒಂದು ತುದಿ ನನಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದ. ನಾನು ಸಂಕದ ಬುಡದಲ್ಲಿ ನಿಂತು ಅಳುತ್ತ ಕೈ ಕೊಡು ಎಂದೆ.

"ಕೋಲು ಹಿಡ್ಕೊ ಪುಟ್ಟಿ. ಅದೂ ನನ್ ಕೈನೇ ಅಂದ್ಕೊ."

ಅಂದುಕೊಳ್ಳಲು ಅದು ಬೆಚ್ಚಗಿರಬೇಕಲ್ಲ? ಎಡಗೈಯಾದರೂ ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಒಂದೆರಡು ತಿಂಗಳು ಕೊಟ್ಟ ಕೂಡ. ಅಷ್ಟರಲ್ಲಿ ಕೆರೆಯಬೇಡಿ ಎಂದದ್ದನ್ನು ಮರೆತು ಕೆರೆದದ್ದರ ಫಲವಾಗಿ ಎಡಗೈಯಲ್ಲೂ ಒಂದು ಮೊಳೆಯಿತು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಪೇಟೆಯವರು ಬಿಟ್ಟಾರೆಯೇ? ಬಸ್‌ಸ್ಟ್ಯಾಂಡಿನ ಜೀಪಿನವರು ದಿನಾ ಕಾದಿದ್ದು, ಮಗುವನ್ನು ಮೀಟರಿಗೆ ಎಷ್ಟಕ್ಕೆ ಕೊಡ್ತೀರಿ ಸಾವ್ಕಾರ್ರೆ ಎಂದು ಕೇಳುತ್ತಿದ್ದರು. ಚಿಕ್ಕಪ್ಪ ಗಂಭೀರವಾಗಿ, ಇದು ಮಾರೋ ಮಾಲಲ್ಲ ಮಾರಾಯ ಎಂದು ಮುಂದೆ ನಡೆಯುತ್ತಿದ್ದ. ನನಗೆ ನಾಚಿಕೆ, ಅವನಿಗೆ ಏನೂ ಇಲ್ಲ. ಮಳೆ ಬಂದರೆ ಕೊಡೆ ಮಾತ್ರ ನನ್ನ ಮೇಲೆ, ಒಂದು ಮೀಟರ್ ಆಚೆ ಅವನು ತೊಪ್ಪೆಯಾಗಿ ಬರುತ್ತಿದ್ದ.

ನರಹುಲಿಗಳು ಹೋದದ್ದು ಹೇಗೆ ಗೊತ್ತೆ? ಔಷಧಿ ಹಚ್ಚಿ ಹಚ್ಚಿ ಬೇಸರ ಬಂದು ಬಿಟ್ಟ ಎಷ್ಟೋ ದಿನಗಳ ಮೇಲೆ, ಡಾಕ್ಟರು ಹೇಳಿದಂತೆ, ಹೇಳದೆ ಕೇಳದೆ ಮಾಯವಾದವು. ಅಜ್ಜಿ ಕುದುರೆಗೆ ಕೈ ಮುಗಿದಳು. ಚಿಕ್ಕಪ್ಪ ಮಾತ್ರ ನಂಬಲಿಲ್ಲ. ಒಳಗೆ ಬೇರು ಇದ್ದೀತು, ನೋಡೋಣ ಎಂದ. ಅವನು ನೋಡುತ್ತಿದ್ದ ಹಾಗೇ ನಾನು ಹೈಸ್ಕೂಲು ಸೇರಿದೆ. ಗೆಳತಿಯರ ಜೊತೆ ನಾನೇ ಸಂಕ ದಾಟತೊಡಗಿದೆ. ಕೈ ಚೊಕ್ಕವಾಯಿತೆಂದು ಅವನು ಒಪ್ಪುವ ಹೊತ್ತಿಗೆ ಕೈ ಹಿಡಿಯುವ ವಯಸ್ಸೇ ದಾಟಿಹೋಗಿತ್ತು. ಈ ದುಃಖವನ್ನು ಯಾರಿಗೆ ಹೇಳುವುದು?

ಇಸವಿ ಎರಡು ಸಾವಿರದ ಈಚೆಗೆ, ನನಗೆ ಮದುವೆಯಾಗಿ ಬಣಕಲ್‌ಗೆ ಹೋದ ಮೇಲೆ, ಒಮ್ಮೆ ತವರಿಗೆ ಬಂದಿದ್ದೆ. ಚಿಕ್ಕಪ್ಪ ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ನಿಗೆ ಕಾಯುತ್ತಿದ್ದ. ಸಂಜೆ ಹಳ್ಳದ ಕಡೆ ಹೋಗೋಣ ಎಂದ. ಸಂಕ ಈಗ ಸಿಮೆಂಟಿನದು, ಆದರೆ ಪಕ್ಕದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಚಿಕ್ಕಪ್ಪ ಅದರ ಬುಡದಲ್ಲಿ ನಿಂತುಬಿಟ್ಟ. ಕೈಯಲ್ಲಿದ್ದ ಕೋಲನ್ನು ನನ್ನ ಕಡೆ ಚಾಚಿದ. ಅದೇ ಮೀಟರ್ ಕೋಲು. ನಾನು ಹಿಡಿಯುತ್ತಿದ್ದ ತುದಿಯಲ್ಲಿ ಅಂಕಿಗಳೆಲ್ಲ ಸವೆದುಹೋಗಿದ್ದವು.

ಕೋಲು ಬೇಡ, ಕೈ ಕೊಡು ಎಂದೆ. ಅವನು ಹೆಬ್ಬೆರಳನ್ನು ನನ್ನ ಮುಖದ ಹತ್ತಿರ ತಂದ.

"ನಂಗೆ ಸರಿ ಕಾಣಲ್ಲ ಪುಟ್ಟಿ. ನೋಡು, ಏನೂ ಇಲ್ಲ ತಾನೆ?"

ನೋಡಿದೆ. ಉಗುರಿನ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು, ಹೊಸದೊಂದು ಎದ್ದಿತ್ತು.

"ಏನೂ ಇಲ್ಲ ಚಿಕ್ಕಪ್ಪ" ಎಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೊದಲಿನ ಹಾಗೇ ಬೆಚ್ಚಗಿತ್ತು. ಪೊರೆ ತೆಗೆಸಿದ ಮೇಲೆ ಕಂಡು ಬೈದರೆ ಬೈಸಿಕೊಂಡರಾಯಿತು. ಸಂಕ ದಾಟಿ ರಸ್ತೆ ಬಂದರೂ ನಾನು ಬಿಡಲಿಲ್ಲ.