ಅರ್ಧ ಲಾರಿ, ಅರ್ಧ ರೋಬೋ

ಒಂದು ವಸ್ತು ಒಂದೇ ವಸ್ತುವಾಗಿರಬೇಕು ಎಂದು ನಂಬಿಕೊಂಡು ಬದುಕಿದವನು ನಾನು. ಕುರ್ಚಿ ಎಂದರೆ ಕುರ್ಚಿ, ಮಂಚ ಎಂದರೆ ಮಂಚ. ಎರಡೂ ಆಗುತ್ತೇನೆ ಎಂದು ಬರುವ ಸಾಮಾನುಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನನ್ನ ಹೆಂಡತಿ ಸರೋಜ ಹಟ ಹಿಡಿದು ತರಿಸಿದ ಒಂದು ಸೋಫಾ ನಮ್ಮ ಮನೆಯಲ್ಲಿತ್ತು. ಎಳೆದರೆ ಮಂಚ, ಮಡಿಸಿದರೆ ಸೋಫಾ. ಕೂತರೆ ಮಲಗಿದಂತಾಗುತ್ತಿತ್ತು, ಮಲಗಿದರೆ ಕೂತಂತಾಗುತ್ತಿತ್ತು. ಕೋಲಾರದಿಂದ ಬಂದ ನನ್ನ ಷಡ್ಡಕರು ಒಮ್ಮೆ ಮಧ್ಯಾಹ್ನ ಅದರ ಮೇಲೆ ಮಲಗಿ ಮಗ್ಗುಲು ಬದಲಿಸಿದರು. ಅದಕ್ಕೇನು ಅನ್ನಿಸಿತೋ, ತನ್ನಷ್ಟಕ್ಕೆ ತಾನೇ ಸೋಫಾ ಆಗಿಬಿಟ್ಟಿತು. ಷಡ್ಡಕರು ಕಾಣಲಿಲ್ಲ, ಒಳಗಿನಿಂದ ದನಿ ಮಾತ್ರ ಕೇಳಿಸುತ್ತಿತ್ತು. ಈಗಲೂ ಅವರು ನಮ್ಮ ಮನೆಗೆ ಬಂದರೆ ಮೊದಲು ಚಾಪೆ ಕೇಳುತ್ತಾರೆ, ಆಮೇಲೆ ಕ್ಷೇಮಸಮಾಚಾರ.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತನಾದವನು. ಬೇರೆಯವರು ಮಾಡಿದ್ದನ್ನು ನೋಡಿ ‘ಬೇಡ’ ಎನ್ನುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಅದೇ ಹೊತ್ತಿಗೆ ಏಳುತ್ತೇನೆ, ಅದೇ ಹೊತ್ತಿಗೆ ಶೂ ಹಾಕುತ್ತೇನೆ. ಎಲ್ಲಿಗೆ ಹೋಗಬೇಕು ಎಂಬುದೊಂದು ಮಾತ್ರ ತಿಳಿಯದೆ ವರಾಂಡದಲ್ಲಿ ಪೇಪರು ಓದುತ್ತೇನೆ. ಯಾವ ವಸ್ತು ಕೈಗೆ ಬಂದರೂ ಹೆಬ್ಬೆರಳಿನ ಉಗುರು ಅದರ ಅಂಚಿನ ಮೇಲೆ ತಾನಾಗಿ ಓಡುತ್ತದೆ. ಒಂದು ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಹೀಗೇ ಓಡಿದ್ದನ್ನು ಸರೋಜ ನೋಡಿ, “ಅದು ಇಡ್ಲಿ. ಗೇರ್ ಅಲ್ಲ. ತಿನ್ನಿ” ಎಂದಿದ್ದಳು.

ಈ ಅಭ್ಯಾಸದಿಂದ ನಿಜವಾಗಿ ತೊಂದರೆಯಾಗಿದ್ದು ನನ್ನ ಮಗಳು ಹೇಮಳಿಗೆ. ಅವಳಿಗೆ ಬಂದ ಸಂಬಂಧಗಳನ್ನೆಲ್ಲ ನಾನೇ ನೋಡಿ ಬಂದು ನಾನೇ ಬೇಡ ಎಂದಿದ್ದೆ. ಒಬ್ಬ ಹುಡುಗ ಮಾತು ಮುಗಿಸುವ ಮೊದಲೇ ನಗುತ್ತಿದ್ದ. ಇನ್ನೊಬ್ಬರ ಮನೆಯ ಗೇಟು ಕಿರ್ ಎನ್ನುತ್ತಿತ್ತು. ಒಂದು ತೊಟ್ಟು ಎಣ್ಣೆ ಬಿಡಲು ಪುರುಸೊತ್ತಿಲ್ಲದ ಮನೆಗೆ ಮಗಳನ್ನು ಹೇಗೆ ಕೊಡುವುದು? ಈ ಸಲ ಮಾತ್ರ ವಿಷಯ ಬೇರೆಯಾಗಿತ್ತು. ಜೂಜುವಾಡಿಯಲ್ಲಿರುವ ನಮ್ಮ ನೆಂಟರೊಬ್ಬರು ಹೇಳಿದ ಹುಡುಗ, ಹೆಸರು ಲೋಕೇಶ. ಹೇಮ ಅವನೊಂದಿಗೆ ಫೋನಿನಲ್ಲಿ ಮಾತಾಡಿ, ಎರಡು ಸಲ ಭೇಟಿಯೂ ಆಗಿ, ಮೆಚ್ಚಿಕೊಂಡಿದ್ದಳು. ನಾನೂ ಸರೋಜಳೂ ಹುಡುಗನ ಮನೆ ನೋಡಲು ಹೊರಟ ದಿನ ಹೇಮ ಬೀದಿಯವರೆಗೂ ಬರಿಗಾಲಲ್ಲೇ ಬಂದಳು. “ಅಪ್ಪ, ನೀವು ಬೇಡ ಅಂದ್ರೆ ನಾನು ಹಟ ಮಾಡಲ್ಲ. ಆದ್ರೆ ಈ ಸಲ ಗೇಟು ನೋಡಬೇಡಿ, ಹುಡುಗನ್ನ ನೋಡಿ” ಎಂದಳು. ಹೇಳುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಇವಳಿಗೆ ಈ ಹುಡುಗ ಬೇಕು ಎಂದು ನನಗೂ ಗೊತ್ತಾಯಿತು. ಗೊತ್ತಾದದ್ದರಿಂದಲೇ ಇನ್ನಷ್ಟು ಕಟ್ಟುನಿಟ್ಟಾಗಿ ನೋಡಬೇಕು ಎಂದು ನಿಶ್ಚಯಿಸಿದೆ.

ಮನೆ ನೋಡುವುದಕ್ಕೆ ನಮ್ಮವರಲ್ಲಿ ಒಂದು ಕಟ್ಟುಪಾಡಿದೆ. ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ನೀರು ಕುಡಿಯಬಹುದು, ಕಾಫಿ ಕುಡಿಯಬಹುದು, ನಿಪ್ಪಟ್ಟು ಚಕ್ಕುಲಿ ಬಾಯಿಗೆ ಹಾಕಿಕೊಳ್ಳಬಹುದು. ಸಿಹಿ ಮುಟ್ಟುವಂತಿಲ್ಲ. ಸಿಹಿ ತಿಂದರೆ ಸಂಬಂಧ ಒಪ್ಪಿಗೆ ಎಂದು ಅರ್ಥ. ಆಮೇಲೆ ಮಾತು ಬದಲಾಯಿಸಿದರೆ ಮರ್ಯಾದೆ ಉಳಿಯುವುದಿಲ್ಲ. ಸಿಹಿಯ ತಟ್ಟೆಯನ್ನು ಅವರು ಮುಂದಿಡುತ್ತಾರೆ, ನಾವು ನೋಡದ ಹಾಗೆ ಕೂರುತ್ತೇವೆ, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಬರುತ್ತೇವೆ. ಈ ಪದ್ಧತಿ ನನಗೆ ಬಹಳ ಹಿಡಿಸಿದ್ದು. ಪಾಸು ಅಥವಾ ಫೇಲು, ನಡುವೆ ಗೊಂದಲವಿಲ್ಲ. ನಾನು ಎಷ್ಟೋ ಮನೆಗಳಲ್ಲಿ ಎಂತೆಂಥ ಮೈಸೂರುಪಾಕಿನ ಮುಂದೆ ಕಲ್ಲಿನಂತೆ ಕೂತು ಎದ್ದು ಬಂದಿದ್ದೇನೆ.

ಹುಡುಗನ ಮನೆ ಸೂಳಗಿರಿಯಿಂದ ಸ್ವಲ್ಪ ಒಳಗೆ. ತಂದೆ ನಾರಾಯಣಪ್ಪ ಟೊಮೇಟೊ, ಕೋಸು ಬೆಳೆಯುವವರು. ತಾಯಿಯಿಲ್ಲ, ಅಜ್ಜಿಯಿದ್ದಾರೆ, ವೆಂಕಟಮ್ಮನವರು. ಲೋಕೇಶ ಹೈವೇ ಪಕ್ಕದ ಹೊಸ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಗೇಟು ಕಿರ್ ಎನ್ನಲಿಲ್ಲ. ಹಾಲ್ ಚೊಕ್ಕಟವಾಗಿತ್ತು. ಸಂಬಳ, ಆರೋಗ್ಯ, ಸಿಟ್ಟು, ಸ್ನೇಹಿತರು ಎಂದು ನಾನು ಮನಸ್ಸಿನಲ್ಲೇ ಪ್ರಶ್ನೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಮೊದಲನೆಯದನ್ನು ಕೇಳಲು ಬಾಯಿ ತೆರೆದೆ. ಆಗ ಎದುರುಗಡೆಯ ಗಾಜಿನ ಬೀರು ಕಣ್ಣಿಗೆ ಬಿತ್ತು.

ಬೀರುವಿನ ತುಂಬ ರೋಬೋಗಳು. ಕೆಂಪು, ನೀಲಿ, ಹಳದಿ. ಕೆಲವು ಕೈಯೆತ್ತಿ ನಿಂತಿದ್ದವು, ಕೆಲವು ಮೊಣಕಾಲೂರಿದ್ದವು. ಎಲ್ಲವೂ ನಮ್ಮ ಕಡೆಯೇ ನೋಡುತ್ತಿದ್ದವು. “ಮನೇಲಿ ಚಿಕ್ಕ ಮಕ್ಕಳಿದಾರಾ?” ಎಂದು ಸರೋಜ ಕೇಳಿದಳು.

ನಾರಾಯಣಪ್ಪ ತಲೆ ಕೆರೆದುಕೊಂಡರು. “ಇಲ್ಲಮ್ಮ. ಇವನ್ದೇ ಎಲ್ಲಾ. ಸಂಬಳ ಬಂದ್ರೆ ಒಂದು ತತ್ತಾನೆ. ಕುಡಿಯೋದಿಲ್ಲ, ಸೇದೋದಿಲ್ಲ, ಇದೊಂದು ಹುಚ್ಚು.”

ಒಳಗಿನಿಂದ ಅಜ್ಜಿಯ ದನಿ ಬಂತು. “ಮೀಸೆ ಬಂದು ಎಷ್ಟು ಕಾಲ ಆಯ್ತು, ಇನ್ನೂ ಬೊಂಬೆ ಇಡ್ಕಂಡು ಕುಂತವ್ನೆ! ಊರಾಗೆ ಎಲ್ರೂ ನಗ್ತಾವ್ರೆ. ಒಂದು ಎಣ್ಣು ಬಂದ್ರೆ ಇವನ್ನೆಲ್ಲಾ ಮೂಟೆ ಕಟ್ಟಿ ಅಟ್ಟಕ್ಕೆ ಆಕ್ತೀನಿ.”

“ಅಜ್ಜೀ, ಸುಮ್ಕಿರು” ಎಂದ ಲೋಕೇಶ. ಕಿವಿ ಕೆಂಪಾಗಿತ್ತು.

ನನ್ನ ಮಟ್ಟಿಗೆ ಪರೀಕ್ಷೆ ಅಲ್ಲಿಗೇ ಮುಗಿಯಬೇಕಿತ್ತು. ಆಟಿಕೆ ಇಟ್ಟುಕೊಂಡ ಗಂಡಿಗೆ ಮಗಳನ್ನು ಕೊಡುವುದೇ? ಆದರೂ ಕಾರಣ ಗಟ್ಟಿಯಾಗಿರಲಿ ಎಂದು, ಒಂದನ್ನು ತೋರಿಸು ಎಂದೆ. ಅವನು ಕೆಂಪಗಿನದೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ.

“ಏನಪ್ಪ ಇದು?”

“ಲಾರಿ ಸಾರ್.”

“ಮನುಷ್ಯನ ಥರ ಕಾಣ್ತಿದೆ.”

“ಈಗ ರೋಬೋ ಸಾರ್. ಮಡಚಿದ್ರೆ ಲಾರಿ.”

“ಅಂಗಡಿಯಲ್ಲಿ ಯಾವ ಹೆಸರಿನಲ್ಲಿ ಮಾರ್ತಾರೆ? ಲಾರಿ ಅಂತಲೋ, ರೋಬೋ ಅಂತಲೋ?”

ಅವನು ಯೋಚಿಸಿದ. “ನಂಗೂ ಅದು ಸರಿಯಾಗಿ ಗೊತ್ತಿಲ್ಲ ಸಾರ್” ಎಂದ.

ಗೊತ್ತಿಲ್ಲ ಎನ್ನುವ ಇಂಜಿನಿಯರನ್ನು ನಾನು ಕಾರ್ಖಾನೆಯಲ್ಲಿ ಕಂಡಿರಲಿಲ್ಲ. ಗಲಿಬಿಲಿಯಾಗಿ ಬೊಂಬೆಯನ್ನು ಕೈಗೆ ತೆಗೆದುಕೊಂಡೆ. ಉಗುರು ಅಂಚಿನ ಮೇಲೆ ಓಡಿತು. ಅಂಚು ನುಣುಪಾಗಿತ್ತು, ಅಚ್ಚಿನಿಂದ ಬಿಡಿಸಿದ ಗುರುತೇ ಇಲ್ಲ. ಸೊಂಟದ ಕೀಲು ಕಟಕಟ ಎಂದು ಹೆಜ್ಜೆ ಹೆಜ್ಜೆಯಾಗಿ ತಿರುಗಿ, ನಿಲ್ಲಿಸಿದ ಕಡೆ ನಿಂತಿತು. ಮೊಣಕೈ ಮಾತ್ರ ಸ್ವಲ್ಪ ಸಡಿಲ. “ಇದು ಸಡಿಲ” ಎಂದೆ. “ಹೌದು ಸಾರ್, ಮೊದಲ ಸಲ ಬಂದ ಮಾಲೆಲ್ಲಾ ಹಂಗೇ ಇತ್ತು” ಎಂದ. “ಕಾಲಿನ ಹಿಂದೆ ಟೊಳ್ಳು.” “ಅದಕ್ಕೇ ಸಾರ್ ಬೆನ್ನು ಗೋಡೆ ಕಡೆ ಮಾಡಿ ನಿಲ್ಲಿಸಿರೋದು.” ಬೊಂಬೆಯ ಮೈಮೇಲಿದ್ದ ಲಾರಿ ಬಾಗಿಲಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಣ್ಣ ಹೋಗಿತ್ತು. ಪ್ರತಿ ಸಲ ಮಡಚುವಾಗಲೂ ಆ ಮೂಲೆ ಭುಜಕ್ಕೆ ಉಜ್ಜುತ್ತಿದೆ ಎಂದು ತೋರಿಸಿಕೊಟ್ಟೆ. ಮಗನ ಸಾಮಾನಿಗೆ ಒಂದಾದ ಮೇಲೊಂದು ಕುಂದು ಹೇಳುತ್ತಿದ್ದೇನೆಂದು ನಾರಾಯಣಪ್ಪನವರ ಮುಖ ಇಳಿದಿತ್ತು. ಮಗನ ಮುಖ ಮಾತ್ರ ಅರಳಿತು. “ಸಾರ್, ನಾನು ಇಷ್ಟು ದಿನದಿಂದ ಅದು ಎಲ್ಲಿ ಉಜ್ಜುತ್ತೆ ಅಂತ ಹುಡುಕ್ತಾ ಇದ್ದೆ!”

ಆಮೇಲೆ ಅವನು ಇನ್ನೊಂದು ತಂದ. ನೋಡಲು ಮೊದಲಿನದೇ, ಆದರೆ ತೂಕ ಹೆಚ್ಚು, ಮೊಣಕೈ ಬಿಗಿ, ಕಾಲು ತುಂಬಿತ್ತು. “ಇದು ಸರಿಯಾದ ಮಾಲು. ಅಸಲಿ ಅಂದ್ರೆ ಹೀಗಿರಬೇಕು” ಎಂದೆ.

“ಇದು ನಕಲಿ ಸಾರ್. ಬೇರೆ ಯಾರೋ ನೋಡ್ಕೊಂಡು ಮಾಡಿರೋದು. ಮೊದಲು ಕೊಟ್ಟಿದ್ದು ಅಸಲಿ.”

ನಾನು ಎರಡನ್ನೂ ಎರಡು ಕೈಯಲ್ಲಿ ಹಿಡಿದು ಕೂತೆ. ಜೀವಮಾನವಿಡೀ ನಕಲಿಯನ್ನು ಎತ್ತಿ ಆಚೆ ಎಸೆದು ಸಂಬಳ ತೆಗೆದುಕೊಂಡವನ ಮುಂದೆ ಅಸಲಿಗಿಂತ ಗಟ್ಟಿಯಾದ ನಕಲಿಯನ್ನು ತಂದಿಟ್ಟರೆ ಅವನು ಏನು ಮಾಡಬೇಕು? ಪಾಸು ಮಾಡಬೇಕೋ, ಪೊಲೀಸರಿಗೆ ಹೇಳಬೇಕೋ? ಸಂಬಳ, ಆರೋಗ್ಯ, ಸಿಟ್ಟು, ಸ್ನೇಹಿತರು ಎಲ್ಲರೂ ತಲೆಯಿಂದ ಎದ್ದು ಹೋದರು. ಅಸಲಿಯನ್ನು ಕೆಳಗಿಟ್ಟು, “ಇದನ್ನ ನಾನೇ ಲಾರಿ ಮಾಡ್ತೀನಿ” ಎಂದೆ. ಸರೋಜ ನನ್ನ ಮೊಣಕೈ ತಿವಿದಳು. ಅದನ್ನು ನಾನು ಗಮನಿಸಲಿಲ್ಲವಂತೆ, ಆಮೇಲೆ ಅವಳೇ ಹೇಳಿದಳು.

ತಲೆ ಒಳಗೆ ಹೋಯಿತು. ಎದೆ ಎರಡು ಹೋಳಾಗಿ ಲಾರಿಯ ಮುಂಭಾಗವಾಯಿತು. ಬಲಗಾಲು ಮಡಚಿಕೊಂಡಿತು. ಎಡಗಾಲು ಮಾತ್ರ ಒಪ್ಪಲಿಲ್ಲ. ನಾನು ಒತ್ತಿದೆ. ಅದು ಕಟ್ ಎಂದಿತು.

“ಸಾರ್, ಒತ್ಬೇಡಿ. ಕೈ ಅಲ್ಲಾಡಿಸ್ಬೇಡಿ, ಹಂಗೇ ಹಿಡ್ಕಂಡಿರಿ. ಬಿಟ್ರೆ ಸ್ಪ್ರಿಂಗು ಹಾರೋಗುತ್ತೆ. ಸಣ್ಣ ಸ್ಕ್ರೂಡ್ರೈವರ್ ತತ್ತೀನಿ” ಎಂದು ಲೋಕೇಶ ಒಳಗೆ ಓಡಿದ.

ಹಾಗೆ ಅವರ ಹಾಲ್‌ನ ನಟ್ಟನಡುವೆ, ಒಂದು ಹೆಬ್ಬೆರಳಿನ ಕೆಳಗೆ ಬಾಗಿಲು, ಇನ್ನೊಂದರ ಕೆಳಗೆ ಮೊಣಕಾಲು ಅದುಮಿಕೊಂಡು, ಲಾರಿಯೂ ಅಲ್ಲದ ರೋಬೋವೂ ಅಲ್ಲದ ಒಂದನ್ನು ಹಿಡಿದು ಕೂತಿದ್ದಾಗ ವೆಂಕಟಮ್ಮನವರು ಒಬ್ಬಟ್ಟಿನ ತಟ್ಟೆ ತಂದರು.

“ತಕ್ಕಳ್ರಿ ಸಾಮಿ.”

“ಕೈ ಬಿಡುವ ಹಾಗಿಲ್ಲಮ್ಮ” ಎಂದೆ. ಕಣ್ಣು ಎಡಗಾಲಿನ ಮೇಲೇ ಇತ್ತು.

“ಕೈ ಯಾಕೆ ಬಿಡ್ತೀರಿ? ಬಾಯಿ ಬುಡ್ರಿ ಸಾಕು” ಎಂದು ಒಂದು ಚೂರು ಮುರಿದು, ತುಪ್ಪದಲ್ಲಿ ಅದ್ದಿ, ನನ್ನ ತುಟಿಯ ಹತ್ತಿರ ಹಿಡಿದರು. ನಾನು ಬಾಯಿ ತೆರೆದೆ.

ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ ನಿಂತವು. ಯಾಕೆಂದು ನನಗೆ ತಿಳಿಯಲಿಲ್ಲ. ಒಬ್ಬಟ್ಟು ಮೆತ್ತಗಿತ್ತು, ಏಲಕ್ಕಿ ಹದವಾಗಿತ್ತು. ಅಗಿಯುತ್ತಾ ಸರೋಜಳ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ಹೊಳೆಯಿತು. ಬೇಡ ಎನ್ನೋಣವೆಂದರೆ ಬಾಯಿ ತುಂಬ ಒಬ್ಬಟ್ಟು. ಬಾಯಿ ಖಾಲಿಯಾಗುವಷ್ಟರಲ್ಲಿ ವೆಂಕಟಮ್ಮನವರು ಇನ್ನೊಂದು ಚೂರು ಹಾಕಿದ್ದರು.

“ಲೋ ಲೋಕೇಸಾ, ಬಾರ್ಲಾ ಈಚೆಗೆ! ಎಣ್ಣಿನ ಕಡೇರು ಬಾಯಿ ಸೀ ಮಾಡ್ಕಂಡ್ರು. ನಿನ್ ಮದ್ವೆ ಕುದುರ್ತು ಕಣ್ಲಾ!”

ಲೋಕೇಶ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟ. ನಾರಾಯಣಪ್ಪ ಆಗಲೇ ಯಾರಿಗೋ ಫೋನು ಹಚ್ಚಿ ತಮಿಳಿನಲ್ಲಿ ಕೂಗುತ್ತಿದ್ದರು. ಹುಡುಗ ಮೊದಲು ಅಜ್ಜಿಯನ್ನು ನೋಡಿದ, ಆಮೇಲೆ ನನ್ನನ್ನು. “ಸಾರ್, ಇವ್ರು ಸುಮ್ನೆ ಆಟ ಆಡ್ತಾವ್ರೆ. ನಿಮಗೆ ಮನಸ್ಸಿಲ್ಲ ಅಂದ್ರೆ ನಾನೇ ಹೇಳ್ತೀನಿ, ಇದನ್ನ ಲೆಕ್ಕಕ್ಕೆ ಇಟ್ಕೋಬೇಡಿ” ಎಂದು ಮೆಲ್ಲಗೆ ಹೇಳಿ, ನನ್ನ ಕಾಲ ಬುಡದಲ್ಲಿ ನೆಲದ ಮೇಲೆ ಕೂತು ನನ್ನ ಹೆಬ್ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಎಡಗಾಲನ್ನು ಮುಂದಕ್ಕೆ ಒತ್ತಲಿಲ್ಲ. ಮಡಚಿದ್ದ ಬಲಗಾಲನ್ನು ಮತ್ತೆ ಬಿಚ್ಚಿದ, ಎದೆಯನ್ನು ಸ್ವಲ್ಪ ತೆರೆದ, ಒಳಗೆ ನೋಡಿದ, ಮತ್ತೆ ಮೊದಲಿನಿಂದ ಬಂದ. ಎಡಗಾಲು ಸದ್ದಿಲ್ಲದೆ ಕೂತುಕೊಂಡಿತು. ಲಾರಿಯಾಯಿತು. ನಾನು ಮನಸ್ಸಿಲ್ಲ ಎಂದು ಹೇಳಬಹುದಾಗಿದ್ದ ಗಳಿಗೆ ಅದೇ. ನಾನು ಕೇಳಿದ್ದು, “ಇನ್ನೊಂದು ಸಲ ತೋರಿಸು.”

ಬಸ್ಸಿನಲ್ಲಿ ಸರೋಜ ಶುರು ಮಾಡಿದಳು. “ಬೇಕೂಂತ ತಿಂದ್ರೋ, ಮೈಮರೆತು ತಿಂದ್ರೋ? ಅದೊಂದು ಹೇಳಿ.” ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೈ ಸಿಕ್ಕಿಹಾಕಿಕೊಂಡಿತ್ತು, ಸರಿ. ಹಲ್ಲು ಸಿಕ್ಕಿಹಾಕಿಕೊಂಡಿರಲಿಲ್ಲವಲ್ಲ? ಮೊದಲ ಚೂರು ಮೈಮರೆತು ಎನ್ನೋಣ, ಎರಡನೆಯದು? ಪಕ್ಕದ ಸೀಟಿನಲ್ಲಿದ್ದ ಹೆಂಗಸು ಏನಾಯಿತೆಂದು ತಮಿಳಿನಲ್ಲಿ ಕೇಳಿದರು. ಸರೋಜ ತಮಿಳಿನಲ್ಲೇ ಎಲ್ಲವನ್ನೂ ಹೇಳಿದಳು, ಹಿಂದಿನ ಸೀಟಿನವರಿಗಾಗಿ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು. ತಿಂದಾಯ್ತಲ್ಲ, ಇನ್ನೇನು ಯೋಚನೆ ಎಂದು ಎರಡೂ ಭಾಷೆಯಲ್ಲಿ ತೀರ್ಪಾಯಿತು. ಹೊಸೂರು ಬರುವಷ್ಟರಲ್ಲಿ ಬಸ್ಸಿನವರೆಲ್ಲ ನನ್ನನ್ನು ಬೀಗರಂತೆ ನೋಡುತ್ತಿದ್ದರು.

ಹೇಮ ಬಾಗಿಲಲ್ಲೇ ನಿಂತಿದ್ದಳು. ಅಷ್ಟರಲ್ಲಿ ಅವಳಿಗೆ ಸುದ್ದಿ ಮುಟ್ಟಿತ್ತು. ಆದರೂ ಮುಖದಲ್ಲಿ ನಗುವಿರಲಿಲ್ಲ. “ಅಪ್ಪ, ಲೋಕೇಶ ಫೋನ್ ಮಾಡಿದ್ರು. ಅಜ್ಜಿ ತಿನ್ನಿಸಿದ್ದು, ನಿಮ್ಮಪ್ಪ ಒಪ್ಪಿ ತಿಂದಿದ್ದಲ್ಲ, ಅವರನ್ನ ಸರಿಯಾಗಿ ಕೇಳು ಅಂದ್ರು. ಹೇಳಿ. ಹುಡುಗ ಹೇಗೆ?”

ನಾನು ಕೂತು ಯೋಚಿಸಿದೆ. ಅವನ ಸಂಬಳ ಕೇಳಿರಲಿಲ್ಲ. ಅವನಿಗೆ ಮೀಸೆಯಿದೆಯೋ ಇಲ್ಲವೋ ಎಂಬುದೂ ನೆನಪಾಗಲಿಲ್ಲ. ನೆನಪಿದ್ದದ್ದು ಕೈಗಳು ಮಾತ್ರ. “ಸಿಕ್ಕಿಹಾಕಿಕೊಂಡಿದ್ದನ್ನ ಅವನು ಒತ್ತೋದಿಲ್ಲ” ಎಂದೆ. “ಬಿಚ್ಚಿಕೊಂಡು ಹಿಂದಕ್ಕೆ ಬಂದು, ಎಲ್ಲಿ ತಡೀತಿದೆ ಅಂತ ನೋಡ್ತಾನೆ. ಅವನು ಬಂದು ಬಿಡಿಸೋವರೆಗೂ ನನಗೆ ಅದು ಹೊಳೆದೇ ಇರಲಿಲ್ಲ. ನನಗೆ ಒಪ್ಪಿಗೆ.”

ಹೇಮಳ ಕಣ್ಣು ತುಂಬಿತು. “ನಂಗೂ ಅವರಲ್ಲಿ ಮೊದಲು ಇಷ್ಟ ಆಗಿದ್ದು ಅದೇ ಅಪ್ಪ” ಎಂದಳು.

“ಅಷ್ಟೊಂದು ಒಳ್ಳೆಯ ಗುಣಗಳಿರುವಾಗ ಅದೇ ಯಾಕೆ?” ಎಂದು ಕೇಳಿದೆ.

ಅಡುಗೆಮನೆಯಿಂದ ಬರುತ್ತಿದ್ದ ಸರೋಜ ಕಿಸಕ್ಕನೆ ನಕ್ಕಳು. ಹೇಮಳೂ ನಕ್ಕಳು. ಯಾಕೆ ಎಂದು ಮತ್ತೆ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ವಿಷಯ ಏನೆಂದು ಸ್ಪಷ್ಟವಾಗಿ ಹೇಳದೆ ಇಬ್ಬರೂ ಅಲ್ಲಿಂದ ಕದಲುವಂತಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತೆ. ಮದುವೆಗೆ ದಿನ ಗೊತ್ತಾಗಿದೆ, ಛತ್ರವೂ ಸಿಕ್ಕಿದೆ, ಈಗಲೂ ದಿನಕ್ಕೊಮ್ಮೆಯಾದರೂ ಕೇಳುತ್ತೇನೆ. ನಾನು ಒತ್ತಾಯ ಮಾಡಿದಷ್ಟೂ ಇಬ್ಬರ ನಗು ಹೆಚ್ಚಾಗುತ್ತದೆಯೇ ಹೊರತು ಉತ್ತರ ಮಾತ್ರ ಬರುವುದಿಲ್ಲ.