ಪಂಪಿನ ಬಣ್ಣದ ಬೇಸ್ ಗಿಟಾರು

ಒಂದೇ ಮನೆಗೆ ಎರಡು ಬೇಸ್ ಗಿಟಾರು ಬಂದದ್ದೇ ತಪ್ಪಾಯಿತು. ಒಂದೇ ಬಂದಿದ್ದರೆ ಹಬ್ಬವಾಗುತ್ತಿತ್ತು, ಎರಡು ಬಂದು ರಗಳೆಯಾಯಿತು.

ಪೀಣ್ಯದ ಪಂಪ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಎಂಜಿನಿಯರ್ ಆಗಿದ್ದ ಶ್ರೀಕಾಂತನಿಗೆ ಕಾಲೇಜಿನ ದಿನಗಳಿಂದಲೂ ಹಳೇ ಕಾಲದ ಮಾದರಿಯ ಬೇಸ್ ಗಿಟಾರಿನ ಮೇಲೆ ಕಣ್ಣು. ಅಸಲಿ ಹಳೆಯದನ್ನು ಕೊಳ್ಳಬೇಕಾದರೆ ಚಿಕ್ಕಬಾಣಾವರದ ಮನೆಯನ್ನೇ ಮಾರಬೇಕು. ಅದೇ ರೂಪದ ಹೊಸ ಗಿಟಾರುಗಳು ಈಗ ಕೈಗೆಟಕುವ ಬೆಲೆಗೆ ಸಿಗುತ್ತವೆಂದು ತಿಳಿದು, ಹೋಲಿಸಿ ನೋಡೋಣವೆಂದು ಆನ್‌ಲೈನಿನಲ್ಲಿ ಎರಡನ್ನು ತರಿಸಿದ್ದ. ಒಂದು ಕೆನೆ ಬಣ್ಣದ್ದು, ಫಳಫಳ ಹೊಳೆಯುವಂಥದ್ದು. ಇನ್ನೊಂದು ಕಂದು ಬಣ್ಣದ್ದು. ಯಾರೋ ಒಂದು ಆಯುಷ್ಯವಿಡೀ ನುಡಿಸಿದ್ದಾರೆ ಅನ್ನಿಸಲೆಂದು ತಯಾರಿಸಿದವರೇ ಅಲ್ಲಲ್ಲಿ ಅದರ ಬಣ್ಣ ಕೆರೆದು, ತಿರುಪುಗಳಿಗೆ ತುಕ್ಕಿನ ಛಾಯೆ ಕೊಟ್ಟಿದ್ದರು. ಶ್ರೀಕಾಂತನ ಮನಸ್ಸು ಕಂದು ಗಿಟಾರಿನ ಕಡೆಗೇ ವಾಲಿತ್ತು. ಆದರೂ ಕಟ್ಟಿದ ಕೆಲಸ ಯಾವುದರದ್ದು ಗಟ್ಟಿ ಎಂದು ಅಳೆದು ನೋಡದೆ ಅವನಿಗೆ ನಿದ್ದೆ ಬರುವಂತಿರಲಿಲ್ಲ.

"ವಾಪಸ್ ಕೊಡೋಕೆ ಇವತ್ತೇ ಕಡೇ ದಿನ, ನೆನಪಿದೆ ತಾನೆ?" ಎಂದಳು ಹೆಂಡತಿ ಪ್ರಿಯಂವದಾ. "ಒಂದು ಹೋಗ್ಬೇಕು, ಒಂದು ಉಳೀಬೇಕು. ಸಂಜೆ ಎರಡೂ ಹೊತ್ಕೊಂಡು ಬಂದ್ರೋ, ಚೆನ್ನಾಗಿರೋದನ್ನ ಅಮೋಘನಿಗೆ ಕೊಟ್ಬಿಡ್ತೀನಿ ನೋಡಿ."

ಅಮೋಘ ಅವಳ ಅಣ್ಣನ ಮಗ. ಅವನಿಗೂ ಗಿಟಾರಿನ ಹುಚ್ಚು. ಶ್ರೀಕಾಂತ ಗೋಡೆಯ ಗಡಿಯಾರ ನೋಡಿ ಅವಸರ ಅವಸರವಾಗಿ ಎದ್ದ. ಕಾರ್ಖಾನೆಯಲ್ಲಿ ವರ್ಷದ ಅತ್ಯುತ್ತಮ ಸಲಹೆ ಕೊಟ್ಟದ್ದಕ್ಕೆ ಅವನಿಗೆ ಬಹುಮಾನವಾಗಿ ಬಂದ ಗಡಿಯಾರವದು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದರ ದರ್ಶನವಾಗುತ್ತಿತ್ತು. ಕೊರಿಯರ್‌ನವನಿಗೆ ಕಾರ್ಖಾನೆಯ ಗೇಟಿಗೇ ಬರಲು ಹೇಳಿ, ಎರಡೂ ಗಿಟಾರುಗಳನ್ನು ಆಟೋಗೆ ಹಾಕಿಕೊಂಡು ಹೊರಟ.

ಇನ್‌ಸ್ಪೆಕ್ಷನ್ ಕೋಣೆಯ ಮುಖ್ಯಸ್ಥ ಕರಿಬಸಪ್ಪ ದಾವಣಗೆರೆ ಕಡೆಯವರು. ಯಾವ ವಸ್ತು ಕಂಡರೂ ಅಳೆಯದೆ ಬಿಡುವವರಲ್ಲ. ಕ್ಯಾಂಟೀನಿನ ಇಡ್ಲಿಯನ್ನೂ ಒಮ್ಮೆ ಅಳೆದಿದ್ದರು. ಗಿಟಾರುಗಳನ್ನು ಕಂಡು ಅವರ ಮುಖ ಅರಳಿತು.

"ತಡಿಯಪ್ಪ, ಕಲ್ಲಿನ ಮ್ಯಾಲೆ ಮಲಗಿಸು," ಎಂದು ಸಮತಟ್ಟಾದ ಗ್ರಾನೈಟ್ ಕಲ್ಲಿನ ಮೇಲೆ ಎರಡನ್ನೂ ಮಲಗಿಸಿದರು. ಸಂದು ಅಳೆಯುವ ತೆಳು ತಗಡುಗಳನ್ನು ಹೊರತೆಗೆದರು. ಕೆನೆ ಬಣ್ಣದ ಗಿಟಾರಿನ ಕತ್ತು ಮೈಗೆ ಸೇರುವಲ್ಲಿ ದಪ್ಪ ತಗಡೇ ಸಲೀಸಾಗಿ ಒಳಗೆ ಹೋಯಿತು. ಕತ್ತಿನ ಅಂಚಿನ ಲೋಹದ ಪಟ್ಟಿಗಳು ಅಂಗೈಯನ್ನು ಗರಗಸದಂತೆ ಗೀರಿದವು. ಕಂದು ಗಿಟಾರಿನಲ್ಲಿ ಎಲ್ಲಕ್ಕಿಂತ ತೆಳು ತಗಡಿಗೂ ದಾರಿ ಸಿಗಲಿಲ್ಲ. ಅಂಚುಗಳ ಮೇಲೆ ಬೆರಳಾಡಿಸಿದರೆ ತೆಗೆಯಲು ಮನಸ್ಸಾಗದಷ್ಟು ನುಣುಪು.

"ಎಲಾ ಇವನ! ಈ ರೇಟಿಗೆ ಇಂಥಾ ಕೆಲಸ! ನಮ್ಮ ಪಂಪಿನಾಗೂ ಇಂಥಾ ಜೋಡಣೆ ಇಲ್ಲಪ್ಪ," ಎಂದರು ಕರಿಬಸಪ್ಪ. ಹದಿನೈದು ವರ್ಷದ ನೌಕರಿಯಲ್ಲಿ ಅವರ ಬಾಯಿಂದ ಹೊಗಳಿಕೆ ಕೇಳಿರದ ಶ್ರೀಕಾಂತನಿಗೆ ಆ ಗಿಟಾರನ್ನು ತಾನೇ ಮಾಡಿದಷ್ಟು ಹೆಮ್ಮೆಯಾಯಿತು.

"ಹಾಗಾದ್ರೆ ಇದೇ ಓಕೆ ಸಾರ್. ಆ ಬಿಳೀದು ರಿಜೆಕ್ಟ್," ಎಂದು ಗಟ್ಟಿಯಾಗಿ ಘೋಷಿಸಿದ. ಅಷ್ಟರಲ್ಲಿ ಮ್ಯಾನೇಜರರಿಂದ ಕರೆ ಬಂತು. ಆಡಿಟ್‌ನವರ ಜೊತೆ ಕೂತವನು ಎದ್ದು ಬರುವಾಗ ಮಧ್ಯಾಹ್ನದ ಟೀ ಕೂಡ ಮುಗಿದಿತ್ತು. ಕಲ್ಲಿನ ಮೇಲೆ ಒಂದು ಗಿಟಾರೂ ಇರಲಿಲ್ಲ.

"ಬಿಳೀದನ್ನ ಪ್ಯಾಕಿಂಗಿನ ಲೋಕೇಶ ಪ್ಯಾಕ್ ಮಾಡಿ ಗೇಟಿಗೆ ಒಯ್ದಾನ," ಎಂದರು ಕರಿಬಸಪ್ಪ. "ಕಂದು ಗಿಟಾರಿಂದು ಜೋಡಣೆ ಬಂಗಾರ, ಆದ್ರೆ ಬಣ್ಣ ಎಲ್ಲಾ ಕಿತ್ತು ಹೋಗಿತ್ತಲ್ಲ? ರಿಪೇರಿ ಚೀಟಿ ಕಟ್ಟಿ ಪೇಂಟ್ ಶಾಪಿಗೆ ಕಳಿಸೀನಿ."

ಶ್ರೀಕಾಂತ ಒಂದೇ ಉಸಿರಿಗೆ ಪೇಂಟ್ ಶಾಪಿಗೆ ಓಡಿದ. ಅಲ್ಲಿನ ಮೇಸ್ತ್ರಿ ಮುನಿಯಕ್ಕ ಹೆತ್ತ ಕೂಸನ್ನು ಎತ್ತಿಕೊಂಡಂತೆ ಗಿಟಾರನ್ನು ಎತ್ತಿಕೊಂಡು ಎದುರಿಗೇ ಬಂದಳು. ಅದು ಅಪ್ಪಟ ಪಂಪಿನ ಹಸಿರಾಗಿತ್ತು. ತುಕ್ಕಿನ ತಿರುಪುಗಳು ಬೆಳ್ಳಿಯಂತೆ ಮಿನುಗುತ್ತಿದ್ದವು.

"ನಮ್ ಸಾರ್‌ಗೆ ಯಾರೋ ಅಳೇ ಮಾಲ್ ಕೊಟ್ಟು ಮೋಸ ಮಾಡವ್ರೆ ಅಂತ ಒಟ್ಟೆ ಉರ್ದೋಯ್ತು ಸಾ! ಎಲ್ಲಾ ಬಿಚ್ಚಿ, ಉಜ್ಜಿ, ಎರಡು ಕೋಟ್ ಒಡ್ದು, ಬಿಸಿಗಾಳೀಲಿ ಒಣಗ್ಸಿ ಜೋಡ್ಸಿವ್ನಿ. ಎಂಗೈತೆ?"

ಅವನಿಗೆ ಅಳು ಬಂತು. ಆದರೆ ಅವಳ ಮುಖ ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಗಿಟಾರಿನ ತುದಿಯನ್ನು ಅಲ್ಲಿದ್ದ ಕಬ್ಬಿಣದ ಬೀರುವಿಗೆ ಒರಗಿಸಿ ದಪ್ಪ ತಂತಿಯನ್ನು ಮೀಟಿದ. ಬೀರುವೇ ಗುಂಯ್ ಎಂದಿತು. ಆ ನಾದ ಎಷ್ಟು ತುಂಬಿಕೊಂಡು ಬಂತೆಂದರೆ ಶಾಪಿನವರೆಲ್ಲ ಕೈಯ ಕೆಲಸ ಬಿಟ್ಟು ತಿರುಗಿ ನೋಡಿದರು. ಬಣ್ಣದಲ್ಲೂ ಒಂದು ಗೆರೆ, ಒಂದು ಗುಳ್ಳೆ ಇರಲಿಲ್ಲ. ಹಳೇ ಕಾಲದ ಕಳೆ ಹೋದರೇನಂತೆ, ಕಟ್ಟಿದವರೂ ಬಳಿದವರೂ ಇಬ್ಬರೂ ಗಟ್ಟಿಗರೇ ಎಂದು ಅವನಿಗೆ ಮನಸಾರೆ ಅನ್ನಿಸಿತು.

"ಸಕ್ಕತ್ತಾಗಿದೆ ಮುನಿಯಕ್ಕ," ಎಂದು ಗಿಟಾರನ್ನು ಹೆಗಲಿಗೇರಿಸಿ ಗೇಟಿನ ಕಡೆ ನಡೆದ. ಬಿಳಿಯದನ್ನು ಕೊಟ್ಟುಬಿಟ್ಟರೆ ಈ ಹಸಿರು ಚೆಲುವೆ ಜೀವನಪೂರ್ತಿ ತನ್ನದೇ.

ಗೇಟಿನಲ್ಲಿ ಕೊರಿಯರ್‌ನವನೂ ಡಬ್ಬ ಹಿಡಿದ ಲೋಕೇಶನೂ ಕಾಯುತ್ತಿದ್ದರು. ಡಬ್ಬಕ್ಕೆ ಟೇಪು ನೀಟಾಗಿ ಸುತ್ತಿತ್ತು. "ಬಿಚ್ಚಿ ಚೆಕ್ ಮಾಡ್ಲೇಬೇಕು ಸಾರ್," ಎಂದು ಟೇಪು ಕೊಯ್ದು ಮುಚ್ಚಳ ತೆಗೆದ ಕೊರಿಯರ್‌ನವನು ಹಾಗೇ ನಿಂತುಬಿಟ್ಟ. ಶ್ರೀಕಾಂತ ಬಗ್ಗಿ ನೋಡಿದ. ಕೆನೆ ಬಣ್ಣದ ಗಿಟಾರು ಸರಿಯಾಗಿ ನಡುವೆ ಎರಡು ತುಂಡಾಗಿ, ಪಕ್ಕಪಕ್ಕದಲ್ಲಿ ಮಲಗಿತ್ತು. ಕೊಯ್ತ ಮಾತ್ರ ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ.

"ಲೋಕೇಶಾ! ಏನೋ ಇದು?"

"ರಿಜೆಕ್ಟ್ ಅಂದ್ರಂತಲ್ಲ ಸಾರ್," ಎಂದ ಲೋಕೇಶ, ಕೈಗೆ ಹತ್ತಿದ್ದ ಮರದ ಪುಡಿ ಕೊಡವುತ್ತ. "ಕೆಟ್ಟ ಮಾಲ್ ಹಂಗೇ ವಾಪಸ್ ಕಳ್ಸಿದ್ರೆ ಅದನ್ನೇ ತಿರ್ಗಾ ನಮಗೆ ಕಳಿಸ್ತಾರೆ, ಅದಕ್ಕೆ ಎರಡು ತುಂಡು ಮಾಡೇ ಕಳಿಸ್ಬೇಕು ಅಂತ ಹೋದ್ ವರ್ಷ ಸಲಹೆ ಕೊಟ್ಟೋರು ನೀವೇ ತಾನೆ? ಗಡಿಯಾರ ಬಂದಿದ್ದೇ ಅದಕ್ಕಲ್ವಾ ಸಾರ್?"

ಕೊರಿಯರ್‌ನವನು ಕೈಮುಗಿದು, ಡಬ್ಬವನ್ನು ಅಲ್ಲೇ ಬಿಟ್ಟು ಗಾಡಿ ಹತ್ತಿದ.

ಸಂಜೆ ಬಾಗಿಲು ತೆರೆದ ಪ್ರಿಯಂವದಾ ಗಂಡನ ಹೆಗಲು ನೋಡಿದಳು, ಡಬ್ಬದೊಳಕ್ಕೆ ಇಣುಕಿದಳು, ನಡೆದದ್ದನ್ನೆಲ್ಲ ಕೇಳಿದಳು. ಆಮೇಲೆ ಹಸಿರು ಗಿಟಾರನ್ನು ಮೆಲ್ಲಗೆ ಇಳಿಸಿಕೊಂಡು ಅದರ ನುಣುಪಿನ ಮೇಲೆ ಕೈಯಾಡಿಸಿದಳು.

"ಎಷ್ಟ್ ಚೆನ್ನಾಗ್ ಮಾಡಿದಾರ್ರೀ! ಅಮೋಘ ಕುಣಿದಾಡಿಬಿಡ್ತಾನೆ," ಎಂದು ಫೋನು ಕೈಗೆತ್ತಿಕೊಂಡಳು.

"ಲೇ, ಅದೊಂದೇ ಕಣೇ ನನಗೆ ಉಳಿದಿರೋದು!"

ಪ್ರಿಯಂವದಾ ಡಬ್ಬವನ್ನು ಅವನತ್ತ ಸರಿಸಿದಳು. "ಒಂದೇ ಯಾಕ್ರೀ? ನಿಮಗಿನ್ನೂ ಎರಡಿದೆಯಲ್ಲ."